ನಮ್ಮ ಮೈದುನನ ಪುಕ್ಕಟೆ ಆಫೀಸು

ಇಡೀ ಗಂಗಾವತಿಯಲ್ಲಿ ‘ಪುಕ್ಕಟೆ’ ಎಂಬ ಶಬ್ದಕ್ಕೆ ನಮ್ಮ ಮೈದುನ ಕೊಡುವಷ್ಟು ಮರ್ಯಾದೆಯನ್ನು ಬೇರೆ ಯಾರೂ ಕೊಡಲಾರರು. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ದಣಿವಿನಿಂದ ಹೇಳುತ್ತಿದ್ದೇನೆ. ಯಾಕೆಂದರೆ ಅವನಿಗೆ ಪುಕ್ಕಟೆ ಸಿಕ್ಕ ವಸ್ತುಗಳಲ್ಲೆಲ್ಲ ಅತಿ ಹೆಚ್ಚು ದುಡಿಯುತ್ತಿರುವುದು ನಾನು!

ಹಾಗೆಂದು ಅವನನ್ನು ಜಿಪುಣ ಎಂದುಕೊಂಡೀರಿ, ಜೋಕೆ. ಮನೆಗೆ ಬಂದವರಿಗೆ ಒಲ್ಲೆ ಒಲ್ಲೆ ಎಂದರೂ ಎರಡನೆಯ ಸಲ ಬಡಿಸುವ ಮನುಷ್ಯ ಅವನು. ಅವನ ಸಿಟ್ಟೆಲ್ಲ ಕಣ್ಣಿಗೆ ಕಾಣದ ವಸ್ತುಗಳ ಮೇಲೆ. “ರೊಕ್ಕಾ ಕೊಟ್ಟು ತಗೊಂಡ ಸಾಮಾನು ಬಡದ್ರ ಠಣ್ ಅನ್ನಬೇಕ್ರಿ ವೈನಿ. ಸಾಫ್ಟ್‌ವೇರ್ ಬಡದ್ರ ಏನಂತೈತಿ?” ಎಂದು ನನ್ನನ್ನೇ ಕೇಳುತ್ತಾನೆ. ಅದನ್ನು ಬಡಿಯಬೇಕು ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ. ಎಲ್ಲಿ ಬಡಿಯಬೇಕು ಎಂದು ತಿಳಿದಿಲ್ಲ.

ಅವನ ಈ ಠಣ್ ಸಿದ್ಧಾಂತಕ್ಕೆ ಕಾರಣವಿದೆ. ಅವನದು ಶಾಮಿಯಾನ ಮತ್ತು ಬಾಂಡೆ ಸಾಮಾನು ಬಾಡಿಗೆ ಕೊಡುವ ಅಂಗಡಿ. ಇತ್ತ ಸಾಣಾಪುರದಿಂದ ಅತ್ತ ಕುಷ್ಟಗಿ, ಯಲಬುರ್ಗಾದವರೆಗೆ ಎಲ್ಲಿಯೇ ಸಾವಿರ ಮಂದಿಯ ಅಡುಗೆ ಎಂದರೂ ಅವನ ತಾಮ್ರದ ಕೊಪ್ಪರಿಗೆಗಳೇ ಬೇಕು. ಒಂದೊಂದರಲ್ಲಿ ಒಂದು ಎಮ್ಮೆಕರು ಆರಾಮಾಗಿ ನಿಲ್ಲಬಹುದು. ಯಾವ ಊರಿಗೆ ಎಷ್ಟು ತಾಟು, ಎಷ್ಟು ಜಮಖಾನ, ಎಷ್ಟು ಕಂಬ ಹೋಗಿವೆ ಎಂಬುದೆಲ್ಲ ನಲವತ್ತು ವರ್ಷ ಅವನ ತಲೆಯಲ್ಲೇ ಇತ್ತು. ತಲೆ ಸಾಲದೆ ಬಂದಾಗ ಅಂಗಡಿಯ ಗೋಡೆಯ ಮೇಲೆ ಇತ್ತು. ಗೋಡೆಗೆ ಸುಣ್ಣ ಬಳಿಸಿದ ವರ್ಷ ಮೂರು ಹಂಡೆ ಕಳೆದುಹೋದವು. ಈಗಲೂ ಅವು ಯಾರ ಮನೆಯ ಬಚ್ಚಲಲ್ಲಿ ನೀರು ಕಾಯಿಸುತ್ತಿವೆಯೋ!

ನಾಲ್ಕು ವರ್ಷದ ಹಿಂದೆ ಒಂದು ಮುಂಜಾನೆ ಅವನು ಹಳೆಯ ಲ್ಯಾಪ್‌ಟಾಪೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು, ಬಾಣಂತಿ ಮನೆಯಿಂದ ಕೂಸು ತಂದಂತೆ ತಂದ.

“ವೈನಿ, ಆಫೀಸ್ ಮಾಡೀನ್ರಿ!”

“ಎಲ್ಲಿ ಮಾಡೀಯೋ ತಮ್ಮಾ?”

“ಆಕಾಶದಾಗ.” ಮೇಲೆ ಫ್ಯಾನಿನ ಕಡೆಗೆ ಬೆರಳು ತೋರಿಸಿದ. “ಕ್ಲೌಡ್ ಅಂತಾರ. ಪತ್ರ ಬರಿಯೋದು ಐತಿ, ಪಟ್ಟಿ ಬರಿಯೋ ಹಾಳಿ ಐತಿ, ಕ್ಯಾಲೆಂಡರ್ ಐತಿ, ಕಾಗದಾ ಇಡು ಕಪಾಟ ಐತಿ. ಸಣ್ಣ ವ್ಯಾಪಾರದವರಿಗೆ ಎಲ್ಲಾ ಪುಕ್ಕಟ!”

“ಮೋಡದಾಗ ಇಟ್ಟಿದ್ದು ಮಳಿ ಬಂದ್ರ ಏನ ಮಾಡ್ತಿ?” ಎಂದು ಪೇಪರಿನ ಹಿಂದಿನಿಂದ ನಮ್ಮ ಮನೆಯವರು ಕೇಳಿದರು. ಅವರು ದಿನಕ್ಕೆ ಒಂದೇ ಮಾತಾಡುವುದು, ಅದೂ ಇಂಥದ್ದು.

“ನಮ್ಮ ಕಡೆ ಮಳಿ ಎಲ್ಲಿ ಬರತೈತಿ ಬಿಡಣ್ಣಾ,” ಎಂದು ಮೈದುನ ನನ್ನ ಕಡೆ ತಿರುಗಿದ. “ಒಂದ ತೊಡಕ ಐತ್ರಿ ವೈನಿ. ಎಲ್ಲಾ ಇಂಗ್ಲಿಷ್‌ನ್ಯಾಗ ಐತಿ. ಅಡ್ಮಿನ್ ಅಂತ ಒಬ್ಬರು ಬೇಕಂತ. ನೀವು ಕಾನ್ವೆಂಟ್‌ನ್ಯಾಗ ಓದಿದವ್ರು. ನಿಮ್ಮ ಹೆಸರು ಹಾಕೀನಿ.”

ಗಮನಿಸಿ, “ಹಾಕಲೇನ್ರಿ” ಅಲ್ಲ. “ಹಾಕೀನಿ.”

ಬೇಡ ಎನ್ನಬಹುದಿತ್ತು. ಆಗಲೇ ಎಪ್ಪತ್ತರ ಹೊಸ್ತಿಲಲ್ಲಿದ್ದೆ. ಮೊಣಕಾಲು, ಕಣ್ಣು, ಬಿ.ಪಿ. ಎಲ್ಲವೂ ರಜೆ ಕೇಳುತ್ತಿದ್ದವು. ಆದರೆ ಸತ್ಯ ಹೇಳಿಬಿಡುತ್ತೇನೆ. ‘ಆಫೀಸ್’ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಒಳಗೆಲ್ಲೋ ಸಣ್ಣಗೆ ನೋಯುತ್ತದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಟೈಪಿಂಗ್ ಹೈಯರ್ ಗ್ರೇಡ್ ಪಾಸಾಗಿ, ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಬಂದ ವರ್ಷವೇ ಕೊಪ್ಪಳದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಒದಗಿತ್ತು. ಮಾವನವರನ್ನು ಕೇಳಿದೆ. ಅವರು ಬೈಯಲಿಲ್ಲ, ಬೇಡ ಎನ್ನಲಿಲ್ಲ. “ನೋಡೋಣು,” ಅಂದರು. ಅತ್ತೆಯವರೂ “ನೋಡೋಣು,” ಅಂದರು. ನಮ್ಮ ಮನೆಯವರು ಅವರಿಬ್ಬರ ಮುಖ ನೋಡಿ, ನನ್ನ ಮುಖ ನೋಡಿ, ತಾವೂ ಹಾಗೆಯೇ ಅಂದರು. ನಮ್ಮ ಸೀಮೆಯಲ್ಲಿ ಆ ಮಾತಿನ ಅರ್ಥ ಏನೆಂದು ತಿಳಿಯಲು ಬಳ್ಳಾರಿಯವಳಿಗೆ ಒಂದು ವರ್ಷ ಹಿಡಿಯಿತು. ಮೈದುನ ಆಗ ಹತ್ತು ವರ್ಷದ ಹುಡುಗ. ನಾನು ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸಿ ಟೈಪಿಂಗ್ ಅಭ್ಯಾಸ ಮಾಡುವುದನ್ನು ನೋಡಿ ನಗುತ್ತಿದ್ದ.

ಆದ್ದರಿಂದ ಸುಮ್ಮನೆ ಕನ್ನಡಕ ಹಾಕಿಕೊಂಡು ಕಿಟಕಿ ಪಕ್ಕದ ಮೇಜಿಗೆ ಕುಳಿತೆ. ಐವತ್ತು ವರ್ಷ ಕಾದು ಸಿಕ್ಕ ಆಫೀಸು. ಸಂಬಳವಿಲ್ಲ, ರಜೆಯಿಲ್ಲ, ಪಿಂಚಣಿಯಿಲ್ಲ. ಬಿಡಲು ಆಗುತ್ತದೆಯೇ?

ಮೊದಲ ದಿನವೇ ಕಂಪನಿಯಿಂದ ಪತ್ರ ಬಂತು. “ಹೇ ದೇರ್! ವೆಲ್ಕಮ್ ಅಬೋರ್ಡ್!” ಎಂದು ಶುರು. ಹೇ ದೇರ್! ಎಪ್ಪತ್ತರ ಹೆಂಗಸಿಗೆ! ನಮ್ಮ ಸಿಸ್ಟರ್‌ಗಳು ರಜೆ ಅರ್ಜಿ, ಸಾಂತ್ವನ ಪತ್ರ, ಸಂಪಾದಕರಿಗೆ ಪತ್ರ ಎಲ್ಲವನ್ನೂ ಕಲಿಸಿದ್ದರು, ‘ಹೇ ದೇರ್’ಗೆ ಏನು ಉತ್ತರ ಎಂದು ಕಲಿಸಿರಲಿಲ್ಲ. ಆದರೂ ಪತ್ರ ಬಂದ ಮೇಲೆ ಉತ್ತರ ಬರೆಯದಿದ್ದರೆ ಬ್ಯಾಡ್ ಮ್ಯಾನರ್ಸ್. “ಡಿಯರ್ ಸರ್, ವಿತ್ ರೆಫರೆನ್ಸ್ ಟು ಯುವರ್ ಕೈಂಡ್ ಲೆಟರ್,” ಎಂದು ಶುರು ಮಾಡಿ ಒಂದು ಪುಟ ಬರೆದೆ. ಅವರ ಸೇವೆಯಲ್ಲಿ ಕನ್ನಡ ಇನ್ನಷ್ಟು ಚೆನ್ನಾಗಿರಬೇಕೆಂದು ಸೂಚಿಸಿದೆ. “ಯುವರ್ಸ್ ಫೇತ್‌ಫುಲಿ,” ಹಾಕಿದೆ. ಒಂದು ವಾರ ದಿನಾ ಕಾದೆ. ಉತ್ತರವಿಲ್ಲ.

ನಮ್ಮ ಮನೆಯವರು ಹೆಗಲ ಮೇಲಿನಿಂದ ಇಣುಕಿ ನೋಡಿ, “ಅವರ ಅಡ್ರೆಸ್‌ನ್ಯಾಗ ‘ನೋ ರಿಪ್ಲೈ’ ಅಂತ ಐತಲ್ಲ,” ಅಂದರು.

ಪತ್ರ ತಾನೇ ಬರೆದು, ಉತ್ತರ ಬರೆಯಬೇಡಿ ಎನ್ನುವುದು ಯಾವ ಊರಿನ ರೀತಿ? ಬೀಗರ ಮನೆಯಲ್ಲೂ ಹೀಗೆ ಮಾಡುವುದಿಲ್ಲ.

ಆಮೇಲೆ ತಿಳಿಯಿತು, ಪುಕ್ಕಟೆಯಲ್ಲೂ ಮೇಲುಕೀಳು ಇದೆ ಎಂದು. ಕೆಲವು ಸೌಕರ್ಯ ಯಾವಾಗಲೂ ಪುಕ್ಕಟೆ. ಕೆಲವು ಹದಿನೈದು ದಿನ ಮಾತ್ರ ಪುಕ್ಕಟೆ. ಹದಿನಾರನೆಯ ದಿನ ಮುಖ ತಿರುಗಿಸುತ್ತವೆ. ಮೈದುನ ಇದಕ್ಕೆ ಅಂಜುವವನೇ? ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬ ಬಂಧುವಿನ ಹೆಸರಿನಲ್ಲಿ ಹೊಸ ಅಕೌಂಟು ತೆಗೆಸತೊಡಗಿದ. ಅವನ ಹೆಂಡತಿ, ಅತ್ತೆ, ಇಬ್ಬರು ಷಡ್ಡಕರು, ಕುಷ್ಟಗಿಯಲ್ಲಿರುವ ಅಕ್ಕ. “ನಮ್ಮ ಬಳಗ ದೊಡ್ಡದೈತ್ರಿ ವೈನಿ. ಕಂಪನಿ ಮುಗೀತೈತಿ, ಬಳಗ ಮುಗಿಯಾಂಗಿಲ್ಲ!” ಪ್ರತಿ ಸಲವೂ ಪಟ್ಟಿಗಳನ್ನೆಲ್ಲ ಹಳೆಯ ಮನೆಯಿಂದ ಹೊಸ ಮನೆಗೆ ಸಾಗಿಸುವ ಹಮಾಲಿ ಯಾರು? ನಿಮಗೆ ಗೊತ್ತಾಯಿತಲ್ಲ.

ಅಕೌಂಟು ಬಿಟ್ಟವರಿಗೆ ಕಂಪನಿ ಒಂದು ಪತ್ರ ಕಳಿಸುತ್ತದೆ: ನೀವು ಹೋಗುತ್ತಿರುವುದು ನಮಗೆ ದುಃಖ ತಂದಿದೆ, ಎಂದು. ಕುಷ್ಟಗಿಯ ನಾದಿನಿ ಅದನ್ನು ಮಗಳಿಂದ ಓದಿಸಿಕೊಂಡು, ಎದೆ ಒಡೆದುಕೊಂಡು ಫೋನು ಮಾಡಿದಳು.

“ವೈನಿ, ನಾ ಎಲ್ಲಿ ಹೊಂಟೀನ್ರಿ? ಗಟ್ಟಿ ಮುಟ್ಟಿ ಅದೀನಿ. ಯಾರೋ ಈಗಿಂದನ ಅಳಾಕತ್ಯಾರಂತ!”

ಅವಳ ಮನೆಯಲ್ಲಿ ಅಂದು ಶಾಂತಿ ಮಾಡಿಸಿದರು. ಆ ಖರ್ಚಿನಲ್ಲಿ ಒಂದು ವರ್ಷದ ಸಾಫ್ಟ್‌ವೇರ್ ಬರುತ್ತಿತ್ತು ಎಂದು ನಾನೆಂದರೆ ಮೈದುನ, “ಶಾಂತಿಗೆ ಊಟ ಇತ್ತಲ್ರಿ,” ಅಂದ.

ಅಮಾವಾಸ್ಯೆಯ ಕತೆ ಬೇರೆ. ಅಂಗಡಿಯ ತಕ್ಕಡಿ, ಬೀಗ, ಲಾರಿ ಎಲ್ಲಕ್ಕೂ ಪೂಜೆಯಾದ ಮೇಲೆ ಅವನು ಹೆಡ್ ಆಫೀಸಿಗೆ, ಎಂದರೆ ನನ್ನ ಮೇಜಿಗೆ, ಬರುತ್ತಾನೆ. ಲ್ಯಾಪ್‌ಟಾಪಿಗೆ ವಿಭೂತಿ, ಕುಂಕುಮ, ಒಂದು ಲಿಂಬೆಹಣ್ಣು. ಒಂದು ಅಮಾವಾಸ್ಯೆಗೆ ಹೇಮಗುಡ್ಡದ ದುರ್ಗಮ್ಮನ ಬಳಿಗೇ ಒಯ್ದು ಅವಳ ಪಾದಕ್ಕಿಟ್ಟು ತಂದ. ಅಂದಿನಿಂದ ಕುಂಕುಮ ಸೇರಿ ‘ಎಂಟರ್’ ಗುಂಡಿ ಒತ್ತಿದರೆ ಏಳುವುದಿಲ್ಲ. ನಾನು ಒಂದು ಸಾಲು ಬರೆದರೆ ಅದು ಇಪ್ಪತ್ತು ಸಾಲು ಕೆಳಗಿಳಿದು ನಿಲ್ಲುತ್ತದೆ. “ತಾಯಿ ಆಶೀರ್ವಾದ ಜಗ್ಗಿ ಆಗೈತ್ರಿ,” ಎಂದು ಅವನ ಸಮಾಧಾನ.

ಇನ್ನು ಲಿಂಕು. ಸಾಮಾನಿನ ಪಟ್ಟಿಯನ್ನು ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಸಾಫ್ಟ್‌ವೇರ್ ಕೇಳಿತು. ನಾನು ಅವನನ್ನು ಕೇಳಿದೆ. ಅವನಿಗೆ ಪ್ರಶ್ನೆಯೇ ಅವಮಾನವಾಯಿತು. “ನಮ್ಮ ಅಂಗಡಿ ಬಾಗಲಾ ಯಾರಿಗರೆ ಹಾಕೇವೇನ್ರಿ? ಎಲ್ಲಾರೂ ಬರಲಿ!” ಸರಿ, ಎಲ್ಲರೂ ಬಂದರು. ಲಿಂಕು ಗ್ರೂಪಿನಿಂದ ಗ್ರೂಪಿಗೆ ಹಾರಿ ಮೂರು ತಾಲ್ಲೂಕು ತಿರುಗಿತು. ನಾನು ಒಂದು ಮುಂಜಾನೆ ಪಟ್ಟಿ ತೆರೆದರೆ, ‘ದೊಡ್ಡ ಕಡಾಯಿ’ ಎಂಬುದರ ಪಕ್ಕದಲ್ಲಿ ಯಾರೋ ಬರೆದಿದ್ದರು: “ತಳಕ್ಕ ತೂತು ಐತಿ. ತಗೋಬ್ಯಾಡ್ರಿ.” ಅದರ ಕೆಳಗೆ: “ಖರೇ. ನಮ್ಮ ಸಾರು ಅರ್ಧ ಒಲಿಗೇ ಹೋತು. ಇಂತಿ ಹುಲಿಹೈದರದವರು.” ಅದರ ಕೆಳಗೆ ಮತ್ತೊಬ್ಬರು: “ಸಾರು ಹೋದ್ರೂ ಹೋಗ್ಲಿ, ನಿಮ್ಮ ಹೋಳಿಗಿ ಛಲೋ ಇದ್ದುವು.” ಅದರ ಕೆಳಗೆ, ಆ ಹೋಳಿಗೆ ಮಾಡಿದ ಅಡುಗೆಯವರ ವಿಚಾರಣೆ. ಕೊನೆಗೆ ಆ ಅಡುಗೆಯವರಿಗೆ ನಮ್ಮ ಪಟ್ಟಿಯಲ್ಲೇ ಎರಡು ಮದುವೆ ಬುಕ್ಕಾದವು. ತೂತು ಮುಚ್ಚಿಸಿದ್ದು ಮಾತ್ರ ನಾವು.

ಮರಳಿ ಬಂದ ಸಾಮಾನಿನ ಫಾರ್ಮ್ ಬಗ್ಗೆ ಹೇಳದಿದ್ದರೆ ಅವನಿಗೆ ಬೇಸರವಾದೀತು. ಅದು ಅವನ ಸ್ವಂತ ಆವಿಷ್ಕಾರ. ಎಷ್ಟು ಹೋದವು, ಎಷ್ಟು ಬಂದವು, ಎಷ್ಟು ನೆಗ್ಗಿದವು ಎಂಬ ಮೂರು ಪ್ರಶ್ನೆ ನಾನು ಬರೆದೆ. ನಾಲ್ಕನೆಯದು ಅವನದು: “ಪಾತ್ರೆಯೊಳಗೆ ಏನಿತ್ತು?” ನಮ್ಮ ಕಡೆ ಇನ್ನೊಬ್ಬರ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ. ನೆರೆಮನೆಯ ಬಟ್ಟಲಾದರೂ ಒಂದು ಚಿಟಿಕೆ ಸಕ್ಕರೆ ಹಾಕಿಯೇ ಮರಳಿಸಬೇಕು. ಬಾಡಿಗೆಯ ಕೊಪ್ಪರಿಗೆಗೂ ಜನ ಅದೇ ನಿಯಮ ಹಚ್ಚಿದ್ದಾರೆ. ತೊಳೆದ ಕೊಪ್ಪರಿಗೆಯ ತಳದಲ್ಲಿ ಬಾಳೆಎಲೆ ಹಾಸಿ ನಾಲ್ಕು ಲಾಡು, ಒಂದು ಹಿಡಿ ಮಾದಲಿ ಇಟ್ಟು ಕಳಿಸುತ್ತಾರೆ. ಅದನ್ನೆಲ್ಲ ದಾಖಲು ಮಾಡಬೇಕಂತೆ! ಉತ್ತರ ತುಂಬದೆ ಮುಂದೆ ಹೋಗಲು ಬಾರದಂತೆ ಅದಕ್ಕೆ ಕೆಂಪು ನಕ್ಷತ್ರ ಬೇರೆ ಹಾಕಿಸಿದ. ಸಾಫ್ಟ್‌ವೇರ್ ಪಾಪ, ಲಾಡುವಿಗೊಂದು ಬಣ್ಣ, ಮಾದಲಿಗೊಂದು ಬಣ್ಣ ಕೊಟ್ಟು ದುಂಡಗಿನ ನಕಾಶೆ ಬರೆಯಿತು. ಅವನು ಅದನ್ನು ಜಾತಕ ನೋಡಿದಂತೆ ನೋಡುತ್ತಾನೆ. “ಯಲಬುರ್ಗಾ ಕಡೆ ಲಾಡು ಏರ್ಯಾವ್ರಿ ವೈನಿ. ಅಲ್ಲಿ ಒಬ್ಬ ಛಲೋ ಅಡಗಿಯವ ಬಂದಿರಬೇಕು.” ಸಾಣಾಪುರದಿಂದ ಬಂದ ಹಂಡೆಯೊಂದರ ಮುಂದೆ “ಇತರೆ: ಬೆಕ್ಕಿನ ಮರಿ, ಒಂದು” ಎಂದಿತ್ತು. ನಾನು ತಮಾಷೆ ಎಂದುಕೊಂಡು ಅಳಿಸಿದೆ. ಸಂಜೆ ಅವನು ಮರಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದು ಸಾಕ್ಷಿ ಹಾಜರುಪಡಿಸಿದ.

ಇಷ್ಟಕ್ಕೇ ನಿಲ್ಲಿಸಿದನೇ? ಹೊಸ ಗೋದಾಮಿನ ಪೂಜೆಗೆ ಕ್ಯಾಲೆಂಡರಿನಿಂದಲೇ ಕರೆ ಕಳಿಸಿದ. ಮನೆಮನೆಗೆ ಹೋಗಿ ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯುವ ಊರಿನಲ್ಲಿ, ಯೆಸ್, ನೋ, ಮೇಬಿ ಎಂಬ ಮೂರು ಗುಂಡಿ! ಬಳಗವೆಲ್ಲ ಕೆರಳಿತು. ಆದರೆ ಕರೆದವರಿಗೆ ಬರುವುದಿಲ್ಲ ಎನ್ನುವುದು ನಮ್ಮಲ್ಲಿ ಅಶುಭ. ಬಂದೇ ಬರುತ್ತೇನೆ ಎನ್ನುವುದು ಜಂಬ. ಅರವತ್ತು ಮನೆಯವರೂ ಮೇಬಿ ಒತ್ತಿದರು.

“ವೈನಿ, ಮೇಬಿ ಅಂದ್ರ ಎಷ್ಟ ಮಂದಿ ಹಿಡಿಬೇಕ್ರಿ?”

“ಇಂಗ್ಲಿಷಿನಲ್ಲಿ ಅದು ಅರ್ಧ,” ಅಂದೆ, ಕಾನ್ವೆಂಟಿನ ಧೈರ್ಯದಿಂದ.

ಅರ್ಧ ಮಂದಿಗೆ ಅಡುಗೆಯಾಯಿತು. ಅರವತ್ತು ಮನೆಯವರೂ ಬಂದರು. ಕರೆ ತಲುಪದ ಹತ್ತು ಮನೆಯವರು ಯಾಕೆ ಕರೆಯಲಿಲ್ಲ ಎಂದು ಜಗಳ ತೆಗೆಯಲು ಬಂದು, ಜಗಳವಾದ ಮೇಲೆ ಊಟಕ್ಕೆ ಕುಳಿತರು. ಅಂದು ನಾನೂ ನನ್ನ ವಾರಗಿತ್ತಿಯೂ ಮಜ್ಜಿಗೆ ಕುಡಿದು ಮಲಗಿದೆವು.

ನಾನು ಎಷ್ಟೋ ಸಲ ಹೇಳಿದ್ದೇನೆ, ನನ್ನಿಂದ ಆಗುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದು. ಪಾಸ್‌ವರ್ಡ್ ಮರೆಯುವವನು ಅವನು, ನೆನಪಿಡುವವಳು ನಾನು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಫೋನು: “ವೈನಿ, ಆ ಹಾಳಿ ಎಲ್ಲಿ ಹೋತ್ರಿ?” ಹಾಳೆ ಎಲ್ಲಿಗೂ ಹೋಗಿರುವುದಿಲ್ಲ, ಅವನೇ ಬೇರೆ ಅಕೌಂಟಿನಲ್ಲಿ ಕುಳಿತಿರುತ್ತಾನೆ. ಟಯರ್ಡ್ ಎಂದರೆ ಸಾಲದು, ಎಲುಬಿನೊಳಗಿಂದ ದಣಿವು. ಆದರೆ ಮರುದಿನ ಒಂಬತ್ತಕ್ಕೆ ಸ್ನಾನ ಮಾಡಿ, ಇಸ್ತ್ರಿಯ ಸೀರೆ ಉಟ್ಟು ಆ ಮೇಜಿಗೆ ಕುಳಿತೇ ಕೂರುತ್ತಿದ್ದೆ. ಮನೆಯಲ್ಲೇ ಇರುವವಳಿಗೆ ಇಸ್ತ್ರಿಯ ಸೀರೆ ಯಾಕೆ ಎಂದು ಮಾತ್ರ ಕೇಳಬೇಡಿ.

ಆ ಮೇಜನ್ನು ನಾನೇ ಕಳೆದುಕೊಳ್ಳುವ ದಿನ ಬಂತು. ತಪ್ಪು ಅವನದಲ್ಲ. ಪೂರ್ತಿ ನನ್ನದು.

ಮುಹೂರ್ತಗಳು ತುಂಬಿದ ವಾರ. ಪಟ್ಟಿಯಲ್ಲಿ ಊರುಗಳ ಹೆಸರು ಅಡ್ಡಾದಿಡ್ಡಿ ಬಿದ್ದಿದ್ದವು. ಸಿಸ್ಟರ್‌ಗಳ ಕೈಯಲ್ಲಿ ಪಳಗಿದವಳು, ಅಸ್ತವ್ಯಸ್ತ ನೋಡಲಾರೆ. ಅಕಾರಾದಿಯಾಗಿ ಜೋಡಿಸೋಣ ಎಂದು ಊರುಗಳ ಸಾಲನ್ನು ಹಿಡಿದು ಗುಂಡಿ ಒತ್ತಿದೆ. ಇದೊಂದು ಸಾಲನ್ನು ಮಾತ್ರ ಜೋಡಿಸಲೇ ಎಂದು ಅದು ಇಂಗ್ಲಿಷಿನಲ್ಲಿ ವಿನಯದಿಂದ ಕೇಳಿತು. ಕಣ್ಣು ಮಂಜಾಗಿತ್ತು. ವಿನಯದಿಂದ ಕೇಳಿದವರಿಗೆ ನಾನು ವಿನಯದಿಂದ ಯೆಸ್ ಅಂದೆ. ಊರುಗಳೆಲ್ಲ ಮುದ್ದಾಗಿ ಸಾಲಾಗಿ ನಿಂತವು. ಅವುಗಳ ಮುಂದಿದ್ದ ಸಾಮಾನು ಮಾತ್ರ ಇದ್ದಲ್ಲೇ ಉಳಿಯಿತು.

ಮರುದಿನ ಕೊಪ್ಪಳದ ಒಂದು ಇಕ್ಕಟ್ಟಾದ ಓಣಿಗೆ, ನಲವತ್ತು ಮಂದಿಯ ನಾಮಕರಣಕ್ಕೆ, ಎರಡು ಕೊಪ್ಪರಿಗೆ, ಸಾವಿರ ತಾಟು, ಅರವತ್ತು ಕಂಬದ ಶಾಮಿಯಾನ ಹೊತ್ತ ಲಾರಿ ಬಂದು ಸಿಕ್ಕಿಹಾಕಿಕೊಂಡಿತು. ಕೂಸಿನ ಅಜ್ಜಿ ಲಾರಿಯ ಮುಂದೆ ನಿಂತು ಕೂಗಿದಳಂತೆ: “ಕೂಸಿಗೆ ಹೆಸರಿಡಾಕ ಸಾಮಾನು ಕೇಳೀವ್ರೋ ಯಪ್ಪಾ, ಊರಿಗೆ ಹೆಸರಿಡಾಕಲ್ಲ!”

ಇದಾದರೂ ನಗುವ ಮಾತು. ಅತ್ತ ಯಲಬುರ್ಗಾದಲ್ಲಿ ಸಾವಿರ ಮಂದಿಯ ಮದುವೆ. ಅಲ್ಲಿಗೆ ಹೋದದ್ದು ಐವತ್ತು ತಾಟು, ಎರಡು ಜಮಖಾನ, ಮತ್ತು ಗಿಳಿ ಕೆತ್ತಿದ, ಹೂ ಸುತ್ತಿದ ಒಂದು ತೊಟ್ಟಿಲು. ಬೀಗರ ಕಣ್ಣೆದುರಿಗೇ ಅದನ್ನು ಲಾರಿಯಿಂದ ಇಳಿಸಿ ಹಂದರದ ನಡುವೆ ನಿಲ್ಲಿಸಿದರಂತೆ.

ಮದುಮಗಳ ತಂದೆ ಫೋನಿನಲ್ಲಿ ಅಳುವುದೊಂದು ಬಾಕಿ. “ಅಣ್ಣಾರ, ಇನ್ನಾ ಅಕ್ಷತಿ ಬಿದ್ದಿಲ್ರಿ! ತೊಟ್ಟಲಾ ಯಾಕ ಕಳಿಸೀರಿ? ಗಂಡಿನ ಕಡೆಯವರು ನಮ್ಮ ಹುಡುಗಿ ಮಾರಿ ನೋಡಾಕತ್ಯಾರ. ನಮ್ಮ ಮರ್ಯಾದಿ ಹೋತ್ರಿ!”

ಮೈದುನ ಉಟ್ಟ ಬಟ್ಟೆಯಲ್ಲೇ ಹೊರಟ. ನಾಮಕರಣಕ್ಕೆ ಅಂಗಡಿಯಿಂದ ಬೇರೆ ತೊಟ್ಟಿಲು, ತಾಟು ಕಳಿಸಲು ಹೇಳಿ, ಕೊಪ್ಪಳದ ಲಾರಿಯನ್ನು ಓಣಿಯಿಂದ ಹಿಂದಕ್ಕೆ ತೆಗೆಸಿ, ತಾನೇ ಅದರಲ್ಲಿ ಕುಳಿತು ಯಲಬುರ್ಗಾ ಮುಟ್ಟಿದ. ಇಳಿದವನೇ ಕೊಪ್ಪರಿಗೆಯ ಕಡೆಗೂ ನೋಡದೆ ಸೀದಾ ಗಂಡಿನ ತಂದೆಯ ಮುಂದೆ ಹೋಗಿ ಕೈಮುಗಿದನಂತೆ.

“ಈ ತೊಟ್ಟಲಾ ನಮ್ಮ ಅಂಗಡಿಯಿಂದ ಮದಿವಿ ಆಹೇರ್ರಿ. ಸಾವಿರ ಮಂದಿ ಸಾಮಾನು ತಗೊಂಡವರಿಗೆ ಮುಂದಿನ ವರ್ಷದ ತೊಟ್ಟಲಾ ಈಗ ಪುಕ್ಕಟ! ಸ್ಕೀಮ್ ಐತ್ರಿ. ಹೊಸಾದು, ನೀವ ಮೊದಲನೇದವ್ರು.”

ಗಂಡಿನ ತಂದೆ ಒಂದು ಗಳಿಗೆ ನೋಡಿ, “ಭಾಳ ಗಡಿಬಿಡಿ ಮನಷ್ಯಾ ಅದೀರಿ ಬಿಡ್ರಿ,” ಎಂದು ನಕ್ಕರಂತೆ. ಹಂದರವೆಲ್ಲ ನಕ್ಕಿತು. ಮದುವೆಯಾಯಿತು. ಅಂಗಡಿಯ ಅತ್ಯುತ್ತಮ ತೊಟ್ಟಿಲು ಯಲಬುರ್ಗಾದಲ್ಲೇ ಉಳಿಯಿತು.

ಸಂಜೆ ಧೂಳು ಮೆತ್ತಿದ ಮುಖದಲ್ಲಿ ಬಂದ. ನೀರು ಕುಡಿದ. “ವೈನಿ, ಕನ್ನಡಕದ ನಂಬರ್ ಒಮ್ಮೆ ತೋರಿಸ್ಕೊಂಡ ಬರೋಣ್ರಿ,” ಎಂದ, ಹೋದ. ಬೈದಿದ್ದರೆ ಹಗುರಾಗುತ್ತಿತ್ತು.

ಅಂಗಡಿಯವರು, ಮನೆಯವರು ಎಲ್ಲರದೂ ಒಂದೇ ಮಾತು: ಪುಕ್ಕಟೆಯ ಹುಚ್ಚು ಸಾಕು, ತಿಂಗಳಿಗಿಷ್ಟು ಎಂದು ಕಟ್ಟಿದರೆ ಈ ವ್ಯಾಪಾರಕ್ಕೆಂದೇ ಮಾಡಿದ ಅಗ್ಗದ ಸಾಫ್ಟ್‌ವೇರ್ ಸಿಗುತ್ತದೆ, ತರಿಸು ಎಂದು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಒಳ್ಳೆಯ ಕಾಗದದ ಮೇಲೆ, ಕೈಬರಹದಲ್ಲಿ, ವಯಸ್ಸು ಮತ್ತು ದೃಷ್ಟಿಯ ಕಾರಣದಿಂದ ಅಡ್ಮಿನ್ ಹುದ್ದೆಯಿಂದ ನನ್ನನ್ನು ಬಿಡುಗಡೆ ಮಾಡಬೇಕೆಂದು ಇಂಗ್ಲಿಷಿನಲ್ಲಿ ರಾಜೀನಾಮೆ ಬರೆದುಕೊಟ್ಟೆ. ಜೀವನದಲ್ಲಿ ಕೆಲಸಕ್ಕೆಂದು ಬರೆದ ಮೊದಲ ಪತ್ರ ಕೊಪ್ಪಳದ ಆ ಟೈಪಿಸ್ಟ್ ಅರ್ಜಿ, ಎರಡನೆಯದು ಇದು. ಮಧ್ಯಾಹ್ನ ನಿದ್ದೆ ಮಾಡಬಹುದು ಇನ್ನು ಎಂದುಕೊಂಡೆ. ಮಲಗಿದೆ. ನಿದ್ದೆ ಬರಲಿಲ್ಲ.

ಮುಂದಿನ ಸೋಮವಾರ ಸಾಫ್ಟ್‌ವೇರ್ ಮಾರುವವರೊಬ್ಬರು ಬಂದರು. ಟೈ ಕಟ್ಟಿದ, ನಡುವಯಸ್ಸಿನ, ಬಹಳ ಮರ್ಯಾದಸ್ಥ ಮನುಷ್ಯ. ಅಂಗಡಿಗೆ ಹೋಗದೆ ಮೈದುನ ಅವರನ್ನು ನಮ್ಮ ಮನೆಗೇ ಕರೆತಂದ. ನಾನು ಮೇಜಿನ ಬಳಿ ಕುಳಿತಿದ್ದೆ; ಪಾಸ್‌ವರ್ಡ್‌ಗಳ ಪಟ್ಟಿ ಬರೆದುಕೊಡಬೇಕಿತ್ತಲ್ಲ, ಚಾರ್ಜ್ ಹ್ಯಾಂಡೋವರ್ ಮಾಡುವಾಗ ಎಲ್ಲ ಸರಿಯಾಗಿರಬೇಕು.

“ಎಲ್ಲಾ ಆಟೋಮ್ಯಾಟಿಕ್ ರಿ ಸರ್,” ಎಂದು ಅವರು ತಮ್ಮ ಯಂತ್ರ ತೆರೆದರು. “ಫೋನ್‌ನ್ಯಾಗ ಆರ್ಡರ್ ಬಂತು, ತಾನ ಎಂಟ್ರಿ ಆತು. ಒಂದ ಕೊಪ್ಪರಿಗಿ ಎರಡ ಕಡೆ ಬುಕ್ ಆಗಾಂಗಿಲ್ಲ. ಒಂದ ಊರಿನ ಸಾಮಾನು ಇನ್ನೊಂದ ಊರಿಗೆ ಹೋಗಾಂಗಿಲ್ಲ.”

ಕೊನೆಯ ಮಾತು ನನಗೆ ಹಸಿಮೆಣಸಿನಕಾಯಿ ಕಚ್ಚಿದಂತಾಯಿತು. ಮೈದುನ ಮಾತ್ರ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದ.

“ಕನ್ನಡದಾಗ ಐತೇನ್ರಿ?”

“ಪೂರಾ ಕನ್ನಡ್ರಿ. ಇಂಗ್ಲಿಷ್ ಬರೋರ ಅಗತ್ಯನ ಇಲ್ಲ.”

“ತಿಂಗಳಿಗೆ ಭಾಳ ಆಗಾಂಗಿಲ್ಲಲ್ರಿ?”

“ನಿಮ್ಮ ಚಹಾದ ಖರ್ಚಿನಷ್ಟೂ ಆಗಾಂಗಿಲ್ರಿ.”

ನೀವು ನಂಬಲಿಕ್ಕಿಲ್ಲ, ನಮ್ಮ ಮೈದುನ ಜೇಬಿಗೆ ಕೈ ಹಾಕಿ ಪಾಕೀಟು ತೆಗೆದ! ಕಾಣದ ವಸ್ತುವಿಗೆ! ಪೇಪರಿನ ಹಿಂದೆ ನಮ್ಮ ಮನೆಯವರು ಕೆಮ್ಮಿದರು. ನಾನು ಪಾಸ್‌ವರ್ಡಿನ ಹಾಳೆಯನ್ನು ಎರಡಾಗಿ ಮಡಿಚಿ, ಮತ್ತೆ ನಾಲ್ಕಾಗಿ ಮಡಿಚಿದೆ. ಮುಗಿಯಿತು ಅಂದುಕೊಂಡೆ. ಒಳ್ಳೆಯದೇ ಆಯಿತು, ಒಳ್ಳೆಯದೇ ಆಯಿತು ಎಂದು ಎರಡು ಸಲ ಅಂದುಕೊಂಡೆ.

“ಎಲ್ಲಾ ಛಲೋ ಐತ್ರಿ,” ಎಂದ ಅವನು, ಪಾಕೀಟು ತೊಡೆಯ ಮೇಲಿಟ್ಟುಕೊಂಡು. “ಒಂದ ಮಾತು ಕೇಳ್ತೀನಿ. ಇದರಾಗ ನಮ್ಮ ವೈನಿ ಎಲ್ಲಿ ಕುಂಡ್ರತಾರ?”

“ಯಾರ್ರಿ ಸರ್?”

“ನಮ್ಮ ವೈನಿ. ನಮ್ಮ ಹೆಡ್ ಆಫೀಸ್.”

ಅವರು ನನ್ನ ಕಡೆ ನೋಡಿ ಅಕ್ಕರೆಯಿಂದ ನಕ್ಕರು. “ಅಮ್ಮಾವ್ರು ಏನೂ ಮಾಡೋದ ಬ್ಯಾಡ್ರಿ. ಅದ ಇದರ ಅಡ್ವಾಂಟೇಜ್. ವಯಸ್ಸಾಗೈತಿ, ಆರಾಮ ಮನಿಯಾಗ ಇರಲಿ ಬಿಡ್ರಿ.”

ಮೈದುನ ಪಾಕೀಟನ್ನು ಮೆಲ್ಲಗೆ ಜೇಬಿಗೆ ಸೇರಿಸಿದ.

“ಐವತ್ತು ವರ್ಷ ಆರಾಮ ಮನಿಯಾಗ ಇಟ್ಟೀವ್ರಿ ಅವರನ್ನ,” ಎಂದ. “ಸಾಕು.”

ಆ ಒಳ್ಳೆಯ ಮನುಷ್ಯ ತಾನೇನು ತಪ್ಪು ಅಂದೆನೋ ಎಂದು ಟೈ ಸರಿಮಾಡಿಕೊಂಡರು. ನಾನು ಚಹಾ ತರುತ್ತೇನೆ ಎಂದು ಮೇಜು ಹಿಡಿದು ಏಳಹೋದೆ.

ಪೇಪರು ಕೆಳಗಿಳಿಯಿತು. “ನೀ ಕುಂಡ್ರು,” ಎಂದರು ನಮ್ಮ ಮನೆಯವರು, ಮೊಣಕಾಲಿನ ಮೇಲೆ ಕೈಯೂರಿ ತಾವೇ ಏಳುತ್ತಾ. “ನಿನ್ನ ಆಫೀಸ್ ಟೈಮ್ ಐತಿ. ಚಹಾ ನಾ ತರ್ತೀನಿ.”